ಹಿರೇಬೆಣಕಲ್ ಗುಡ್ಡಕ್ಕೆ 14 ಜನ ಹೋಗುತ್ತಿದ್ದೇವೆ: ಹಿಂದೆ ಉಳಿಯುವವರನ್ನು ಜೊತೆಗಿಟ್ಟುಕೊಳ್ಳೋದು ಹೇಗೆ?

ಗಂಗಾವತಿ ನಡಿಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಹೋದ ವರ್ಷ ಜನವರಿಯಲ್ಲಿ ನಾವು 11 ಜನ ಗೆಳೆಯರು ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ ಹತ್ತಿದೆವು. ಹೆಚ್ಚಿನವರು ಹೈಸ್ಕೂಲಿನಲ್ಲಿ ಒಟ್ಟಿಗೆ ಓದಿದವರು. ಇಬ್ಬರು ಹುಬ್ಬಳ್ಳಿಯಿಂದ ಬಂದಿದ್ದರು, ಒಬ್ಬ ಬೆಂಗಳೂರಿನಿಂದ. ಉಳಿದವರೆಲ್ಲ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯವರು. ಇಪ್ಪತ್ತು ವರ್ಷ ಆದ ಮೇಲೆ ಸಿಕ್ಕಿದ್ದೆವು. ಬಹಳ ಖುಷಿಯಲ್ಲಿದ್ದೆವು.

ಆ ದಿನ ಒಂದು ತಪ್ಪಾಯಿತು. ನಮ್ಮ ಗೆಳತಿ ಒಬ್ಬಳು ಅರ್ಧ ದಾರಿಯಲ್ಲಿ ಹಿಂದೆ ಬಿದ್ದಳು. "ನೀವು ನಡೀರಿ, ನಾನು ನಿಧಾನಕ್ಕೆ ಬರ್ತೀನಿ" ಅಂದಳು. ನಾವು ನಡೆದೆವು. ಮೇಲೆ ಹೋಗಿ ಕಲ್ಲಿನ ಮನೆಗಳನ್ನು, ಅಂದರೆ ಹಳೆಯ ಶಿಲಾ ಸಮಾಧಿಗಳನ್ನು ನೋಡಿದೆವು, ಫೋಟೊ ತೆಗೆದೆವು, ಬುತ್ತಿ ಬಿಚ್ಚಿದೆವು. ರೊಟ್ಟಿ ಹಂಚುವಾಗ ಎಣಿಸಿದರೆ 10 ಜನ. ಕೆಳಗೆ ಓಡಿದೆವು. ಅವಳು ಕುರಿ ಹೋಗುವ ಕಾಲುದಾರಿ ಹಿಡಿದು ಬೇರೆ ಕಡೆಗೆ ಹೋಗಿದ್ದಳು. ಸಿಗುವ ಹೊತ್ತಿಗೆ 40 ನಿಮಿಷ ಆಗಿತ್ತು. ಒಂದು ಗುಂಡುಕಲ್ಲಿನ ನೆರಳಲ್ಲಿ ಕೂತಿದ್ದಳು. ಬಾಟಲಿ ಖಾಲಿ, ಫೋನಿಗೆ ಸಿಗ್ನಲ್ ಇಲ್ಲ. "ಏನೂ ಆಗಿಲ್ಲ, ಚಲೋ ಗಾಳಿ ಇತ್ತು" ಅಂದಳು.

ಗುಂಪಿನ ಫೋಟೊದಲ್ಲಿ ಅವಳಿಲ್ಲ. ಆ ಫೋಟೊವನ್ನೇ ನಾವು ಎಲ್ಲರಿಗೂ ಕಳಿಸಿದೆವು. ಯಾರಿಗೂ ಅದು ಹೊಳೆಯಲಿಲ್ಲ. ನನಗೆ ಹೊಳೆದದ್ದು ಎರಡು ತಿಂಗಳಾದ ಮೇಲೆ.

ಈ ಜನವರಿಯಲ್ಲಿ ಮತ್ತೆ ಹೋಗುತ್ತಿದ್ದೇವೆ. ಅವಳೂ ಬರುತ್ತಾಳೆ. ಒಪ್ಪಿಸಲು ಬಹಳ ಕೇಳಿಕೊಳ್ಳಬೇಕಾಯಿತು. ಜೊತೆಗೆ ಒಬ್ಬ ಗೆಳೆಯನ ತಂದೆ, ಅವರಿಗೆ 62. ಹತ್ತು ವರ್ಷದ ಇಬ್ಬರು ಮಕ್ಕಳು. ಪ್ರತಿ ವರ್ಷ ಕುಮಾರಪರ್ವತ ಹತ್ತುವ ಮೂವರು ಗಟ್ಟಿ ಹುಡುಗರೂ ಇದ್ದಾರೆ. ಒಟ್ಟು 14. ಇಷ್ಟು ಬಗೆಯ ಜನರನ್ನು ಒಂದೇ ಗುಡ್ಡಕ್ಕೆ ಹೇಗೆ ಕರೆದುಕೊಂಡು ಹೋಗೋದು? ಅನುಭವ ಇದ್ದವರು ಹೇಳಿ.

ಬಳ್ಳಾರಿ ಬಿಸಿಲು

ಅಣ್ಣ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎರಡು ಗುಂಪು ಮಾಡಿ. ಗಟ್ಟಿ ಇರುವವರು ಗುಡ್ಡ ಹತ್ತಲಿ. ಉಳಿದವರು ಆನೆಗೊಂದಿ, ಪಂಪಾ ಸರೋವರ, ಸಾಣಾಪುರ ಕೆರೆ ನೋಡಲಿ. ಮಧ್ಯಾಹ್ನ ಊಟಕ್ಕೆ ಎಲ್ಲರೂ ಒಂದು ಕಡೆ ಸೇರಿ. ನಾನು ಹತ್ತು ವರ್ಷದಿಂದ ಗುಡ್ಡ ಹತ್ತುತ್ತಿದ್ದೇನೆ. ಎಲ್ಲರನ್ನೂ ಒಟ್ಟಿಗೆ ಎಳೆದುಕೊಂಡು ಹೋದರೆ ಯಾರಿಗೂ ಖುಷಿ ಸಿಗಲ್ಲ. ಗಟ್ಟಿ ಇದ್ದವರಿಗೆ ನಡೆದ ಹಾಗೆ ಆಗಲ್ಲ, ಆಗದವರಿಗೆ ನಾಚಿಕೆ.

ಲೆಕ್ಕಕ್ಕೆ ಒಂದು ಹಳೆಯ ಸೂತ್ರ ಇದೆ. 1892ರಲ್ಲಿ ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನುವವರು ಹೇಳಿದ್ದು. ಗಂಟೆಗೆ ಸುಮಾರು 5 ಕಿಲೋಮೀಟರ್ ನಡಿಗೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ ಸೇರಿಸಬೇಕು. ಆ ಲೆಕ್ಕದಲ್ಲಿ ಹಿರೇಬೆಣಕಲ್ ಏನೂ ದೊಡ್ಡದಲ್ಲ. ಒಂದು ತಾಸಿನೊಳಗೆ ಮೇಲಿರಬಹುದು.

ಕೊಪ್ಪಳದ ಮೇಷ್ಟ್ರು

ತಮ್ಮಾ, ಆ ಸೂತ್ರ ಗಟ್ಟಿಮುಟ್ಟಾದ ನಡಿಗೆಯವರಿಗೆ, ತಣ್ಣನೆಯ ದೇಶದಲ್ಲಿ ಮಾಡಿದ್ದು. ಅದರಲ್ಲಿ ಕೂತು ದಣಿವಾರಿಸಿಕೊಳ್ಳುವ ಹೊತ್ತು ಇಲ್ಲ. ನಮ್ಮ ಕಲ್ಲಿನ ಕಾವು ಇಲ್ಲ. ಮಗುವಿನ ಹೆಜ್ಜೆ ಇಲ್ಲ. ನಾನು ಶಾಲೆಯಲ್ಲಿದ್ದಾಗ ಮಕ್ಕಳನ್ನು ಆರು ಸಲ ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ಮಾತಾಡುತ್ತಾ, ನೋಡುತ್ತಾ ಹೋದರೆ ಎರಡು ತಾಸು ಬೇಕು. ಅಷ್ಟು ಹೊತ್ತು ಬೇಕೇ ಬೇಕಾದ ಗುಡ್ಡ ಅದು.

ಯಾಕೆ ಅಂದರೆ ಹತ್ತುವ ದಾರಿಯಲ್ಲೇ ನೋಡೋದು ಇದೆ. ಬಂಡೆಗಳ ಅಡಿಯಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಬೇಟೆ, ಕುಣಿತ, ಜಿಂಕೆ, ಕೈಯಲ್ಲಿ ಆಯುಧ ಹಿಡಿದ ಮನುಷ್ಯರು. ಓಡಿ ಹತ್ತುವವರ ಕಣ್ಣಿಗೆ ಇವು ಬೀಳೋದೇ ಇಲ್ಲ. ನನ್ನ ತರಗತಿಯಲ್ಲಿ ಕಾಲು ಸ್ವಲ್ಪ ಊನ ಇದ್ದ ಒಬ್ಬ ಹುಡುಗ ಇದ್ದ. ಎಲ್ಲರಿಗಿಂತ ಹಿಂದೆ ಬರುತ್ತಿದ್ದ. ನಾನು ಅಷ್ಟು ಸಲ ಹೋಗಿದ್ದರೂ ನೋಡದ ಒಂದು ಚಿತ್ರವನ್ನು ತೋರಿಸಿದವನು ಅವನೇ. ಕೂತಿದ್ದ ಜಾಗದಿಂದ ತಲೆ ಎತ್ತಿದ, ಕಂಡಿತು.

ಮೇಲೆ ಹೋದರೆ 400ಕ್ಕೂ ಹೆಚ್ಚು ಶಿಲಾ ಸಮಾಧಿಗಳು. ಎರಡು ಸಾವಿರ ವರ್ಷಕ್ಕಿಂತ ಹಳೆಯವು. ಮೂರು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ, ಮುಂದಿನ ಕಲ್ಲಿಗೆ ದುಂಡನೆಯ ಕಿಂಡಿ ಕೊರೆದಿದ್ದಾರೆ. ಕೆಲವು ಮನುಷ್ಯನಿಗಿಂತ ಎತ್ತರ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಈ ಜಾಗ ಸೇರಿತು. ಇದನ್ನು ನೋಡಲು ಬಂದವರಲ್ಲಿ ಅರ್ಧ ಜನರನ್ನು ಕೆಳಗೇ ಬಿಟ್ಟು ಹೋಗಿ ಅಂತ ನಾನು ಹೇಳಲಾರೆ.

ಸಿಂಧನೂರು ಅಕ್ಕ

ನಾನು ಯಾವಾಗಲೂ ಹಿಂದೆ ಬೀಳುವವಳು. ಹಾಗಾಗಿ ನನ್ನ ಕಡೆಯಿಂದ ಹೇಳುತ್ತೇನೆ.

ನನಗೆ 54. ಮೊಣಕಾಲು ನೋವಿದೆ. ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ವರ್ಷಕ್ಕೆ ಒಂದೆರಡು ಸಲ ಗುಡ್ಡಕ್ಕೆ ಹೋಗುತ್ತೇವೆ. ಅಂಜನಾದ್ರಿ, ಮಸ್ಕಿ, ಮುದಗಲ್ ಕೋಟೆ, ಎಲ್ಲ ಆಗಿವೆ. ಪ್ರತಿ ಸಲ ಆಗೋದು ಒಂದೇ. ಮುಂದೆ ಹೋದವರು ಒಂದು ಕಡೆ ಕೂತು ನನಗಾಗಿ ಕಾಯುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕಾಯುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಹತ್ತು ನಿಮಿಷ ಕೂತಿರುತ್ತಾರೆ, ನೀರು ಕುಡಿದಿರುತ್ತಾರೆ, ಬೆವರು ಆರಿರುತ್ತದೆ. ನಾನು ಏದುಸಿರು ಬಿಡುತ್ತಾ ಬಂದು ಮುಟ್ಟುತ್ತೇನೆ. "ಹಾ, ಅಕ್ಕ ಬಂದಳು, ನಡೀರಿ ಇನ್ನು" ಅಂತ ಎಲ್ಲರೂ ಎದ್ದು ನಿಲ್ಲುತ್ತಾರೆ.

ನನಗೆ ಕೂರಲು ಹೊತ್ತೇ ಸಿಗಲ್ಲ. ಗಟ್ಟಿ ಇದ್ದವರಿಗೆ ಐದು ಸಲ ದಣಿವಾರುತ್ತದೆ, ದಣಿದವಳಿಗೆ ಒಂದು ಸಲವೂ ಇಲ್ಲ. ನಾಚಿಕೆಗೆ ನಾನೂ ಅವರ ಜೊತೆ ಎದ್ದು ನಡೆಯುತ್ತೇನೆ. ನಾಲ್ಕನೇ ಸಲಕ್ಕೆ ಕಾಲು ನಡುಗಲು ಶುರು ಆಗುತ್ತದೆ. ಆಗ ಹೇಳುತ್ತೇನೆ, "ನೀವು ನಡೀರಿ, ನಾನು ನಿಧಾನಕ್ಕೆ ಬರ್ತೀನಿ." ನಿಮ್ಮ ಗೆಳತಿ ಹೇಳಿದ್ದೂ ಅದೇ ಮಾತು, ಅಲ್ವಾ? ಆ ಮಾತಿನ ಅರ್ಥ ನಿಧಾನಕ್ಕೆ ಬರುತ್ತೇನೆ ಅಂತ ಅಲ್ಲ ತಮ್ಮಾ. ಇನ್ನು ನಿಮಗೆ ಭಾರ ಆಗಲಾರೆ ಅಂತ.

ಅದಕ್ಕೆ ನನ್ನದೊಂದೇ ಕೋರಿಕೆ. ಕೊನೆಯವರು ಬಂದು ಕೂತ ಮೇಲೆ ಗಡಿಯಾರ ನೋಡಿ. ಅಲ್ಲಿಂದ ಐದು ನಿಮಿಷ ಎಣಿಸಿ. "ಹೋಗೋಣ" ಅನ್ನೋದು ಅವರ ಬಾಯಿಂದಲೇ ಬರಲಿ.

ಗಂಗಾವತಿ ನಡಿಗೆ

ಅಕ್ಕಾ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆ ದಿನ ನಾವು ಮೂರು ಕಡೆ ನಿಂತಿದ್ದೆವು. ಮೂರೂ ಸಲ ಹೀಗೇ ಆಗಿತ್ತು. ಅವಳು ಬಂದ ಕೂಡಲೇ ಮೊದಲು ಎದ್ದವನು ನಾನೇ.

ಬಳ್ಳಾರಿ ಬಿಸಿಲು

ಅಕ್ಕಾ, ಇದನ್ನು ನಾನು ಯಾವತ್ತೂ ಈ ಕಡೆಯಿಂದ ನೋಡಿರಲಿಲ್ಲ. ನಾನೂ ಹಾಗೇ ಎದ್ದು ನಡೆಯುವವನು. ಆದರೂ ನನ್ನ ಒಂದು ಪ್ರಶ್ನೆ ಉಳಿಯುತ್ತದೆ. ಆ ಮೂವರು ಹುಡುಗರು ಏನು ಮಾಡಬೇಕು? ಅವರಿಗೂ ಒಂದೇ ಭಾನುವಾರ ಸಿಗೋದು. ನಿಧಾನ ನಡೆಯೋದೂ ಒಂದು ಕಷ್ಟವೇ. ಕಾಲು ಹಿಡಿದುಕೊಳ್ಳುತ್ತದೆ.

ಬೆಣಕಲ್ ಊರವ

ನಮ್ಮ ಊರಿನ ಗುಡ್ಡದ ಬಗ್ಗೆ ಮಾತು ನಡೆದಿದೆ ಅಂತ ಒಬ್ಬರು ತೋರಿಸಿದರು. ಚಿಕ್ಕಂದಿನಿಂದ ಅಲ್ಲಿ ಆಡು ಮೇಯಿಸಿದವನು ನಾನು. ನಾವು ಅದನ್ನು ಮೊರೇರ ಗುಡ್ಡ ಅಂತೀವಿ. ಕಲ್ಲಿನ ಮನೆಗಳಲ್ಲಿ ಮೊರೇರು ಅನ್ನುವ ಗಿಡ್ಡ ಜನ ಇದ್ದರು ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. ಆ ಕಿಂಡಿಯೇ ಅವರ ಬಾಗಿಲು ಅಂತ.

ಬಳ್ಳಾರಿ ಅಣ್ಣನ ಪ್ರಶ್ನೆಗೆ ಗುಡ್ಡವೇ ಉತ್ತರ ಕೊಡುತ್ತದೆ. ಮೇಲೆ ಬಯಲು ಅಗಲ ಇದೆ. ಒಂದು ಕಡೆ ನಿಂತರೆ ಎಲ್ಲ ಕಾಣಲ್ಲ. ಹತ್ತುವಾಗ ಎಲ್ಲರೂ ಒಟ್ಟಿಗೆ ಬನ್ನಿ. ಮೇಲೆ ಕೆರೆಯ ಹತ್ತಿರ ಹಿರಿಯರು, ಮಕ್ಕಳು ಕೂರಲಿ. ಹುಡುಗರು ಅಲ್ಲಿಂದ ಸುತ್ತಾಡಿ ಬರಲಿ, ಎಷ್ಟು ಬೇಕಾದರೂ ನಡೆಯಲಿ. ದಾರಿ ತಪ್ಪುವುದು ಹತ್ತುವಾಗಲೇ. ಕುರಿ, ಆಡು ಹೋದ ದಾರಿ ಹತ್ತಾರು ಇವೆ. ಹೊಸಬರಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಅಲ್ಲಿ ಎರಡು ಗುಂಪು ಆಗಬೇಡಿ. ನಿಮ್ಮ ಗೆಳತಿ ಹೋಗಿದ್ದು ಯಾವ ದಾರಿ ಅಂತ ನನಗೆ ಗೊತ್ತು. ಎಡಕ್ಕೆ ಹೊರಳುತ್ತದೆ, ಕಾರೆ ಕಂಟಿ ಜಾಸ್ತಿ. ಅದು ಮುಂದೆ ಎಲ್ಲಿಗೂ ಹೋಗಲ್ಲ.

ಊರಿನಲ್ಲಿ ದಾರಿ ಬಲ್ಲವರು ಇದ್ದಾರೆ. ಬಂದು ಕೇಳಿ, ಒಬ್ಬರು ಜೊತೆಗೆ ಬರುತ್ತಾರೆ. ಅವರ ಒಂದು ದಿನದ ಕೂಲಿ ಹೋಗುತ್ತದೆ, ಅದನ್ನು ಕೊಡಿ. ಸುಮ್ನೆ ಕರೆಯಬೇಡಿ.

ರಾಯಚೂರು ನರ್ಸಮ್ಮ

ಎಷ್ಟು ಗಂಟೆಗೆ ಹತ್ತೋಕೆ ಶುರು ಮಾಡುತ್ತೀರಿ ಅನ್ನೋದೇ ಎಲ್ಲಕ್ಕಿಂತ ಮುಖ್ಯ ಅಂತ ನನಗನ್ನಿಸುತ್ತದೆ. ಜನವರಿ ಅಂದರೆ ಚಳಿ ಅಂತ ನೀವು ನಂಬಿಕೊಂಡಿರುತ್ತೀರಿ. ನಮ್ಮ ಕಡೆ ಹನ್ನೊಂದು ಗಂಟೆಯ ಮೇಲೆ ಜನವರಿ ಬಿಸಿಲೂ ಚುರುಕೇ. ಬಂಡೆ ಕಾಯ್ದರೆ ಕೆಳಗಿನಿಂದಲೂ ಕಾವು ಬರುತ್ತದೆ. ಬಿಸಿಲು ಬಡಿದವರನ್ನು ಪ್ರತಿ ಬೇಸಿಗೆಯಲ್ಲಿ ನೋಡುತ್ತೇನೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಮಾತು ಕಮ್ಮಿ. ಮಾತಾಡುತ್ತಿದ್ದವರು ಸುಮ್ಮನಾದರೆ ಗಮನ ಕೊಡಿ. ದಣಿವು ಅಂತ ಬಿಡಬೇಡಿ. ನೆರಳಿಗೆ ಕರೆದುಕೊಂಡು ಹೋಗಿ, ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ. ಮಾತು ತೊದಲಿದರೆ, ಗೊಂದಲ ಕಂಡರೆ ಅಲ್ಲೇ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಒಬ್ಬರಿಗೆ ಮೂರು ಲೀಟರ್ ನೀರು. ಮಕ್ಕಳಿಗೆ ಕಮ್ಮಿ ಸಾಕು, ಆದರೆ ಅವರದ್ದು ಅವರಿಗೇ ಇರಲಿ. ಅದರಲ್ಲಿ ಒಂದು ಲೀಟರ್ ಮನೆಯಲ್ಲೇ ಕಲಸಿಕೊಂಡು ಬನ್ನಿ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಸಮಮಟ್ಟ ಇರಬೇಕು. ಉಪ್ಪು ಜಾಸ್ತಿ ಆಗಬಾರದು. ಲಿಂಬೆ ಹಿಂಡಿದರೆ ಮಕ್ಕಳು ಕುಡಿಯುತ್ತಾರೆ. ಮೇಲಿನ ಕೆರೆಯ ನೀರು ಹಾಗೇ ಕುಡಿಯಬೇಡಿ.

ಮತ್ತೆ 62 ವರ್ಷದ ಹಿರಿಯರ ಬಗ್ಗೆ. ಸಕ್ಕರೆ ಕಾಯಿಲೆ, ಬಿಪಿ ಇದೆಯಾ ಅಂತ ಮಗನನ್ನು ಕೇಳಬೇಡಿ, ಅವರನ್ನೇ ಕೇಳಿ. ಸಕ್ಕರೆ ಕಾಯಿಲೆ ಇದ್ದರೆ ಈ ಪಾನಕ ಯಾವಾಗ ಕುಡಿಯಬೇಕು ಅಂತ ಅವರ ಡಾಕ್ಟರ್ ಹತ್ತಿರ ಮೊದಲೇ ಕೇಳಿಕೊಂಡು ಬರಲಿ. ಮಗನಿಗೆ ಗೊತ್ತಿರದ ಮಾತ್ರೆ ಅಪ್ಪನ ಜೇಬಲ್ಲಿ ಇರುತ್ತದೆ. ಎದೆ ಹಿಡಿದ ಹಾಗಾದರೆ, ಎಡಗೈ ಅಥವಾ ದವಡೆ ನೋವು ಬಂದರೆ ಅಲ್ಲಿಗೆ ಹತ್ತುವುದು ಮುಗಿಯಿತು. ಒಂದು ಹೆಜ್ಜೆಯೂ ಮುಂದೆ ಬೇಡ.

ಹತ್ತುವ ಮುಂಚೆ ಗಂಗಾವತಿಯಲ್ಲಿ ಒಗ್ಗಾಣಿ ತಿನ್ನಿ, ಮಿರ್ಚಿ ಇಳಿದು ಬಂದ ಮೇಲೆ ತಿನ್ನಿ.

ಗಂಗಾವತಿ ನಡಿಗೆ

ಹಾಗಾದರೆ ಬೆಳಗಿನ ಐದಕ್ಕೆ ಕತ್ತಲಲ್ಲೇ ಶುರು ಮಾಡೋಣವಾ? ಮೇಲೆ ಸೂರ್ಯೋದಯವೂ ಸಿಗುತ್ತದೆ. ಹುಡುಗರು ಅದನ್ನೇ ಕೇಳುತ್ತಿದ್ದಾರೆ.

ಬೆಣಕಲ್ ಊರವ

ಬೇಡ ಅಣ್ಣ. ಕರಡಿ ಇವೆ.

ಹೆದರಿಸಲು ಹೇಳುತ್ತಿಲ್ಲ. ನಮ್ಮ ಕಡೆಯ ಈ ಕಲ್ಲುಗುಡ್ಡಗಳೇ ಅವುಗಳ ಮನೆ. ರಾತ್ರಿಯೆಲ್ಲ ಮೇಯ್ದು ಬೆಳಗಿನ ಜಾವ ಗವಿಗೆ ವಾಪಸ್ ಬರುತ್ತವೆ. ಸಂಜೆ ಕತ್ತಲಾಗುವಾಗ ಮತ್ತೆ ಹೊರಡುತ್ತವೆ. ನೀವು ಐದಕ್ಕೆ ಹತ್ತಿದರೆ ಅವು ಮನೆಗೆ ಬರುವ ದಾರಿಯಲ್ಲೇ ನೀವಿರುತ್ತೀರಿ. ಕರಡಿಗೆ ಕಣ್ಣು ಅಷ್ಟು ಚುರುಕಿಲ್ಲ. ದೂರದಿಂದ ನಿಮ್ಮನ್ನು ಗುರುತಿಸಲ್ಲ. ಎದುರಿಗೆ ಬಂದಾಗ ಗಾಬರಿಯಾಗಿ ಮೈಮೇಲೆ ಬರುತ್ತದೆ. ಚಿರತೆಯೂ ಇದೆ, ಆದರೆ ಅದು ಗುಂಪು ಕಂಡರೆ ಸರಿದು ಹೋಗುವುದೇ ಹೆಚ್ಚು.

ಚೆನ್ನಾಗಿ ಬೆಳಕು ಹರಿದ ಮೇಲೆ ಶುರು ಮಾಡಿ. ಮಾತಾಡುತ್ತಾ ಹೋಗಿ. ಗವಿಯೊಳಗೆ ಇಣುಕಬೇಡಿ, ಮಕ್ಕಳನ್ನು ಬಿಡಬೇಡಿ. ಸಂಜೆ ನಾಲ್ಕಕ್ಕೆ ಎಲ್ಲರೂ ಊರಲ್ಲಿರಬೇಕು. ಸೂರ್ಯ ಮುಳುಗುವುದನ್ನು ನೋಡಬೇಕು ಅಂದರೆ ಕಾಲುವೆ ದಂಡೆಗೆ ಬನ್ನಿ, ಗದ್ದೆ ಮೇಲೆ ಚಂದ ಕಾಣುತ್ತದೆ.

ಬಳ್ಳಾರಿ ಬಿಸಿಲು

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಸಂಡೂರು ಕಡೆ ನಾವೂ ಕತ್ತಲಲ್ಲಿ ಹತ್ತುವುದನ್ನು ಬಿಟ್ಟಿದ್ದೇವೆ. ಆದರೆ ಮಾತಾಡುತ್ತಾ ಹೋಗಿ ಅನ್ನೋದಕ್ಕೆ ಒಂದು ಸೇರಿಸುತ್ತೇನೆ. ದೊಡ್ಡ ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಕಟ್ಟಿರುತ್ತದೆ. ಅಲ್ಲಿ ಕೂಗಬೇಡಿ, ಕಲ್ಲೆಸೆಯಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ. ಸೆಂಟು ಹಾಕಿಕೊಂಡು ಬರಬೇಡಿ. ಒಮ್ಮೆ ಎದ್ದರೆ ಮುಖ ಮುಚ್ಚಿಕೊಂಡು ಅಲ್ಲಿಂದ ದೂರ ಓಡುವುದೊಂದೇ ದಾರಿ. ಕೈ ಬೀಸಿದಷ್ಟೂ ಜಾಸ್ತಿ ಬರುತ್ತವೆ.

ಇನ್ನೊಂದು, ಕಲ್ಲಿನ ಸಂದಿಗೆ ನೋಡದೆ ಕೈ ಹಾಕಬೇಡಿ. ಗರಗಸ ಮಂಡಲ ಇಂಥ ಒಣ ಕಲ್ಲುಭೂಮಿಯಲ್ಲೇ ಇರೋದು. ಸಣ್ಣ ಹಾವು, ಮಣ್ಣಿನ ಬಣ್ಣ, ಕಾಣಲ್ಲ. ಕಚ್ಚಿದರೆ ಕೊಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಯಾವುದೂ ಬೇಡ. ಕೈಕಾಲು ಅಲುಗಿಸದೆ ಹೊತ್ತುಕೊಂಡು ಆಸ್ಪತ್ರೆಗೆ. ನರ್ಸಮ್ಮ, ಸರಿ ಅಲ್ವಾ?

ರಾಯಚೂರು ನರ್ಸಮ್ಮ

ಸರಿ. ದೊಡ್ಡ ಸರ್ಕಾರಿ ಆಸ್ಪತ್ರೆಗೇ ಹೋಗಿ, ಮದ್ದು ಅಲ್ಲಿರುತ್ತದೆ. ನಾಟಿ ಔಷಧಿಗೆ ಅಂತ ದಾರಿಯಲ್ಲಿ ಹೊತ್ತು ಕಳೆಯಬೇಡಿ.

ಕಲ್ಲು ಪ್ರೀತಿ

ನಾನು ಭೂವಿಜ್ಞಾನ ಓದುತ್ತಿದ್ದೇನೆ, ಊರು ಕಂಪ್ಲಿ. ಬೇರೆ ವಿಷಯ ಹೇಳುತ್ತೇನೆ, ಕ್ಷಮಿಸಿ. ಆ ಇಬ್ಬರು ಮಕ್ಕಳಿಗೆ ಹೇಳಲು ಬೇಕಾಗುತ್ತದೆ.

ಹಂಪಿ, ಆನೆಗೊಂದಿ ಸೀಮೆಯ ಈ ಗ್ರಾನೈಟ್ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಭೂಮಿಯ ಆಳದಲ್ಲಿ ಕರಗಿದ ಕಲ್ಲು ನಿಧಾನಕ್ಕೆ ಆರಿ ಗಟ್ಟಿಯಾದದ್ದು. ಮೇಲಿನ ಭಾರ ಸವೆದು ಹೋದಾಗ ಕಲ್ಲು ಸ್ವಲ್ಪ ಸ್ವಲ್ಪ ಸಡಿಲ ಆಗುತ್ತದೆ, ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ ಬಿಡುತ್ತದೆ. ಮೂಲೆಗಳು ಬೇಗ ಸವೆಯುವುದರಿಂದ ಚೌಕದ ಬಂಡೆ ದುಂಡಾಗುತ್ತದೆ. ನಮ್ಮ ಗುಂಡುಗಳು ಆಗಿದ್ದು ಹೀಗೆ. ಯಾರೂ ಉರುಳಿಸಿ ತಂದು ಪೇರಿಸಿದ್ದಲ್ಲ.

ಸಮಾಧಿ ಕಟ್ಟಿದವರಿಗೆ ಈ ಪದರ ಚೆನ್ನಾಗಿ ಗೊತ್ತಿತ್ತು. ಅಲ್ಲೇ ಎದ್ದ ಪದರ ಬಿಡಿಸಿ ಚಪ್ಪಡಿ ಮಾಡಿಕೊಂಡರು. ಕೆರೆಯ ಪಕ್ಕದಲ್ಲೇ ಅವರು ಕಲ್ಲು ತೆಗೆದ ಜಾಗ ಇದೆ. ನಾನು ಎರಡನೇ ವರ್ಷದಲ್ಲಿದ್ದಾಗ ಮೊದಲ ಸಲ ಅಲ್ಲಿ ಕೂತು ಆ ಕಲ್ಲಿನ ಅಂಚು ಮುಟ್ಟಿ ನೋಡಿದೆ. ಪಾಠದಲ್ಲಿ ಓದಿದ್ದೆಲ್ಲ ಆ ಬೆರಳಿಗೆ ಬಂತು. ಮಕ್ಕಳನ್ನು ಅಲ್ಲಿ ಕೂರಿಸಿ. ಮುಟ್ಟಲಿ. ಆದರೆ ಸಮಾಧಿಗಳ ಮೇಲೆ ಹತ್ತಬಾರದು ಅಂತ ಮೊದಲೇ ಹೇಳಿಬಿಡಿ. ಚಪ್ಪಡಿ ಗಟ್ಟಿ ಕಂಡರೂ ಆಧಾರ ಸಡಿಲ ಇರುತ್ತದೆ. ಎಷ್ಟೋ ಬಿದ್ದಿವೆ.

ಕೊಪ್ಪಳದ ಮೇಷ್ಟ್ರು

ಚೆನ್ನಾಗಿ ಹೇಳಿದೆ ಮಗಾ. ಮಕ್ಕಳು ಇನ್ನೊಂದನ್ನೂ ಕೇಳುತ್ತಾರೆ, ನಗಾರಿ ಗುಂಡು. ಸುಮಾರು 10 ಮೀಟರ್ ಎತ್ತರದ ಬಂಡೆಯ ಮೇಲೆ ಅರ್ಧಗೋಳದ ಹಾಗೆ ಇನ್ನೊಂದು ಕಲ್ಲು ಕೂತಿದೆ. ಹೊಡೆದರೆ ನಗಾರಿಯ ಸದ್ದು ಬರುತ್ತದೆ, ಒಂದು ಕಿಲೋಮೀಟರ್ ಆಚೆಗೂ ಕೇಳುತ್ತದೆ ಅನ್ನುತ್ತಾರೆ. ಬಳ್ಳಾರಿ ಹತ್ತಿರ ಸಂಗನಕಲ್ಲು ಗುಡ್ಡದಲ್ಲೂ ಬಡಿದರೆ ಗಂಟೆಯ ಹಾಗೆ ಮೊಳಗುವ ಕಲ್ಲುಗಳಿವೆ. ಅಲ್ಲಿ ಇದ್ದದ್ದು ಇನ್ನೂ ಹಳೆಯ ಜನ, ಕಲ್ಲಿನ ಕೊಡಲಿಯ ಕಾಲದವರು. ಅಂದರೆ ನಮ್ಮ ಸೀಮೆಯವರು ಎಷ್ಟೋ ಸಾವಿರ ವರ್ಷದ ಹಿಂದೆಯೇ ಕಲ್ಲಿನ ದನಿ ಕೇಳಿಸಿಕೊಂಡಿದ್ದರು. ನನಗೆ ಅದು ಬಹಳ ದೊಡ್ಡ ವಿಷಯ. ಆದರೆ ನಗಾರಿ ಗುಂಡಿನ ಮೇಲೆ ಯಾರೂ ಹತ್ತಬೇಡಿ. ಜಾರಿದರೆ ಮುಗಿಯಿತು. ಕೆಳಗೆ ನಿಂತು ನೋಡಿ ಸಾಕು.

ಇನ್ನೊಂದು ಸಲಹೆ. ಗುಡ್ಡಕ್ಕೆ ಹದಿನೈದು ದಿನ ಮುಂಚೆ ಕೊಪ್ಪಳಕ್ಕೆ ಬನ್ನಿ. ಹತ್ತುವ ಅಭ್ಯಾಸ ಇಲ್ಲದವರು ಎಲ್ಲರೂ ಬನ್ನಿ. ಗವಿಮಠ, ಪಾಲ್ಕಿಗುಂಡು ಎರಡೂ ಕಡೆ ಅಶೋಕನ ಶಾಸನ ಇದೆ, ಎರಡೂ ಕಡೆ ಸ್ವಲ್ಪ ಹತ್ತೋದು ಇದೆ. ಯಾರ ಹೆಜ್ಜೆ ಎಷ್ಟು ಅಂತ ಅಲ್ಲೇ ಗೊತ್ತಾಗುತ್ತದೆ. ಗವಿಸಿದ್ಧೇಶ್ವರ ಜಾತ್ರೆಯ ವಾರ ಮಾತ್ರ ಬೇಡ. ಬಸ್ಸಿನಲ್ಲಿ ಕಾಲಿಡಲು ಜಾಗ ಇರಲ್ಲ. ನೀವು ಜಾತ್ರೆಗೇ ಬರೋದಾದರೆ ಬೇರೆ ಮಾತು, ಬನ್ನಿ.

ಸಿಂಧನೂರು ಅಕ್ಕ

ಮೇಷ್ಟ್ರೇ, ಇದು ಒಳ್ಳೆಯದು. ನನಗೆ ಮೆಟ್ಟಿಲಿಗಿಂತ ಇಳಿಜಾರು ಬಂಡೆಯೇ ಹಿತ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿದ್ದು ಭಕ್ತಿಯಿಂದ. ಇಳಿಯುವಾಗ ಮೊಣಕಾಲು ಅತ್ತುಬಿಟ್ಟಿತು. ಎಲ್ಲರೂ ಹತ್ತುವುದರ ಬಗ್ಗೆಯೇ ಮಾತಾಡುತ್ತಾರೆ. ಇಳಿಯುವಾಗ ನನ್ನಂಥವರಿಗೆ ಇನ್ನೂ ನಿಧಾನ ಬೇಕು. ಒಂದು ಕೋಲು ಇರಲಿ. ಮನೆಯ ಗಳದ ಕೋಲಾದರೂ ಸರಿ.

ಮತ್ತೆ ಗಂಗಾವತಿ ತಮ್ಮಾ, ನಿನ್ನ ಗೆಳತಿಯನ್ನು ಎಲ್ಲರಿಗಿಂತ ಕೊನೆಗೆ ನಿಲ್ಲಿಸಿ ಅವಳ ಹಿಂದೆ ಒಬ್ಬ ಕಾವಲು ಹಾಕಬೇಡ. ಹಾಗೆ ಮಾಡುತ್ತಾರೆ, ನನಗೂ ಮಾಡಿದ್ದಾರೆ. ಬೆನ್ನ ಹಿಂದೆ ಒಬ್ಬರು ಕಾಯುತ್ತಾ ಬರುತ್ತಿದ್ದರೆ ಉಸಿರಾಡಲೂ ಭಯ. ಅವಳನ್ನು ಮುಂದೆ ಬಿಡು. ದಾರಿ ತೋರುವವರ ಹಿಂದೆಯೇ, ಎರಡನೆಯವಳಾಗಿ ನಡೆಯಲಿ. ಎಲ್ಲರ ಹೆಜ್ಜೆ ತಾನಾಗೇ ಅವಳ ಹೆಜ್ಜೆಗೆ ಹೊಂದುತ್ತದೆ. ಆ ಮೂವರು ಗಟ್ಟಿ ಹುಡುಗರು ಹಿಂದೆ ಬರಲಿ, ಎಲ್ಲರ ನೀರು ಹೊತ್ತುಕೊಂಡು. ಆಗ ಅವರಿಗೂ ಗುಡ್ಡ ಹತ್ತಿದ ಹಾಗೆ ಆಗುತ್ತದೆ.

ಬಳ್ಳಾರಿ ಬಿಸಿಲು

ಇದು ಸರಿ. ಹತ್ತು ಲೀಟರ್ ಬೆನ್ನ ಮೇಲಿದ್ದರೆ ಯಾರಿಗೂ ನಿಧಾನ ಅನ್ನಿಸಲ್ಲ. ಎರಡು ಗುಂಪಿನ ನನ್ನ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಈ ಗುಡ್ಡಕ್ಕಂತೂ ಬೇಡ. ಉದ್ದದ ಚಾರಣಕ್ಕೆ ಈಗಲೂ ಅದೇ ಹೇಳುತ್ತೇನೆ.

ಗಂಗಾವತಿ ನಡಿಗೆ

ಎಲ್ಲರಿಗೂ ಋಣಿ. ಹೀಗೆ ಗೊತ್ತುಮಾಡಿದ್ದೇವೆ. ಆರೂಮುಕ್ಕಾಲಿಗೆ ಊರಲ್ಲಿ ಸೇರೋದು, ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಡೋದು. ಊರಿನ ಒಬ್ಬರು ಮುಂದೆ, ಅವರ ಹಿಂದೆ ಗೆಳತಿ, ಆಮೇಲೆ ಮಕ್ಕಳು, ಹಿರಿಯರು, ಉಳಿದವರು. ಹುಡುಗರು ನೀರಿನ ಜೊತೆ ಕೊನೆಗೆ. ಪ್ರತಿ ಸಲ ನಿಂತಾಗ ಎಣಿಕೆ. ಎಣಿಸುವ ಕೆಲಸ ಮಕ್ಕಳದ್ದು. ಹನ್ನೊಂದಕ್ಕೆ ಇಳಿಯಲು ಶುರು. ಹೋಗಿ ಬಂದು ಬರೆಯುತ್ತೇನೆ.

ಗಂಗಾವತಿ ನಡಿಗೆ

ಹೋಗಿ ಬಂದೆವು. ಇದು ಮೂರು ವಾರದ ನಂತರ ಬರೆಯುತ್ತಿರುವುದು.

ಮೇಲೆ ಮುಟ್ಟಲು ಎರಡು ತಾಸು ಹತ್ತು ನಿಮಿಷ ಆಯಿತು. ಮೇಷ್ಟ್ರು ಹೇಳಿದ್ದೇ ಸರಿಯಾಯಿತು. ಮೊದಲ ಅರ್ಧ ತಾಸು ಹುಡುಗರಿಗೆ ನಿಜವಾಗಿಯೂ ಕಷ್ಟ ಆಯಿತು. ಒಬ್ಬ ಎರಡು ಸಲ ಮುಂದೆ ಬಂದುಬಿಟ್ಟ, ತಾನೇ ಹಿಂದೆ ಹೋದ. ಆಮೇಲೆ ಅವರಿಗೆ ಚಿತ್ರಗಳು ಸಿಕ್ಕವು. ಹೋದ ವರ್ಷ ಅದೇ ಬಂಡೆಯ ಪಕ್ಕದಲ್ಲೇ ನಾವು ಓಡಿ ಹೋಗಿದ್ದೆವು. ಒಬ್ಬರೂ ನೋಡಿರಲಿಲ್ಲ.

ಎರಡನೇ ಸಲ ಕೂತಾಗ ಗೆಳತಿ ಐದು ನಿಮಿಷ ಆದರೂ ಏಳಲಿಲ್ಲ. ಹತ್ತಾಯಿತು. ನಾವೂ ಏಳಲಿಲ್ಲ. ಅವಳು ನಮ್ಮೆಲ್ಲರ ಮುಖ ನೋಡಿದಳು. ಇನ್ನೂ ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ "ಹೋಗೋಣ" ಅಂದಳು.

ಹಿರಿಯರು ಮುಕ್ಕಾಲು ದಾರಿಯಲ್ಲಿ "ನನಗೆ ಸಾಕು" ಅಂದರು. ನೋವಿಲ್ಲ, ತಲೆ ಸುತ್ತಿಲ್ಲ, ದಣಿವು ಅಷ್ಟೇ. ಇದಕ್ಕೆ ನಾವು ತಯಾರಾಗಿರಲಿಲ್ಲ. ಎಲ್ಲರೂ ಇಳಿಯೋಣ ಅಂದೆವು, ಅವರು ಒಪ್ಪಲಿಲ್ಲ. ಕೊನೆಗೆ ಮಗ ಮತ್ತು ಹುಡುಗರಲ್ಲಿ ಒಬ್ಬ, ಇಬ್ಬರೂ ಅವರ ಜೊತೆ ನೆರಳಲ್ಲಿ ಉಳಿದರು. ನಾವು ಅಲ್ಲಿಗೇ ವಾಪಸ್ ಬರುವವರೆಗೆ ಜಾಗ ಬಿಡಬಾರದು ಅಂತ ಮಾತಾಯಿತು. ಉಳಿದ ಹುಡುಗನಿಗೆ ಅದು ಮೂರನೇ ಸಲ ಆದ್ದರಿಂದ ಅವನೇ ಮುಂದೆ ಬಂದು ಒಪ್ಪಿಕೊಂಡ. ಹಾಗಾಗಿ ಮೇಲೆ ಮುಟ್ಟಿದ್ದು 11 ಜನ, ಊರವರು ಬೇರೆ. ಅಲ್ಲಿ ಗುಂಪಿನ ಫೋಟೊ ತೆಗೆಯಲಿಲ್ಲ. ಇಳಿದು ಬಂದು ಹಿರಿಯರು ಕೂತಿದ್ದ ಬಂಡೆಯ ಹತ್ತಿರ 14 ಜನ ನಿಂತು ತೆಗೆಸಿಕೊಂಡೆವು. ಹಿಂದೆ ಕಲ್ಲಿನ ಮನೆ ಇಲ್ಲ, ಬರೀ ಕಂಟಿ. ಊರವರೇ ಕ್ಲಿಕ್ ಮಾಡಿದ್ದು.

ಸಿಂಧನೂರು ಅಕ್ಕ

ಹಿರಿಯರು ಈಗ ಹೇಗಿದ್ದಾರೆ?

ಗಂಗಾವತಿ ನಡಿಗೆ

ಚೆನ್ನಾಗಿದ್ದಾರೆ ಅಕ್ಕಾ. ಆ ನೆರಳಲ್ಲಿ ಕೂತು ಮಗನಿಗೆ ತಮ್ಮ ಚಿಕ್ಕಂದಿನ ಸುದ್ದಿ ಹೇಳಿದರಂತೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಟ್ಟದ ಅವರ ಹೊಲದಲ್ಲಿ ಜೋಳ, ಸಜ್ಜೆ ಬಿಟ್ಟರೆ ಬೇರೆ ಏನೂ ಬೆಳೆಯುತ್ತಿರಲಿಲ್ಲವಂತೆ. ಮಗನಿಗೆ ಅದೆಲ್ಲ ಗೊತ್ತೇ ಇರಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಹೇಳುತ್ತಾ ಬಂದ.

ರಾಯಚೂರು ನರ್ಸಮ್ಮ

ಮನೆಗೆ ಬಂದ ಮೇಲೆ ಒಮ್ಮೆ ಬಿಪಿ ನೋಡಿಸಿ. ದಣಿವು ಅಷ್ಟೇ ಆಗಿದ್ದರೂ ನೋಡಿಸಿ. ನೀರು ಎಷ್ಟು ಉಳಿಯಿತು?

ಗಂಗಾವತಿ ನಡಿಗೆ

ನಾಲ್ಕು ಲೀಟರ್. ಉಪ್ಪು ಸಕ್ಕರೆ ನೀರು ಒಂದು ಹನಿಯೂ ಉಳಿಯಲಿಲ್ಲ. ಬಿಪಿ ಮರುದಿನವೇ ನೋಡಿಸಿದರು, ಸರಿ ಇದೆ.

ಬೆಣಕಲ್ ಊರವ

ಅಣ್ಣ, ಮೇಲೆ ಕೆರೆ ದಂಡೆಯಲ್ಲಿ ನಿಮ್ಮವರದ್ದು ಒಂದು ಸ್ಟೀಲ್ ಡಬ್ಬಿ ಉಳಿದಿತ್ತು. ಮುಚ್ಚಳದ ಮೇಲೆ ಹೂವಿನ ಗುರುತು ಇದೆ, ಒಳಗೆ ಗುರೆಳ್ಳು ಚಟ್ನಿ ಇತ್ತು. ಆಡು ಕಾಯುವ ಹುಡುಗ ತಂದು ನಮ್ಮ ಮನೆಯಲ್ಲಿ ಕೊಟ್ಟಿದ್ದಾನೆ. ತೊಳೆದು ಇಟ್ಟಿದ್ದೇವೆ. ಈ ಕಡೆ ಬಂದಾಗ ತೆಗೆದುಕೊಂಡು ಹೋಗಿ.

ಗಂಗಾವತಿ ನಡಿಗೆ

ಅದು ಗೆಳತಿಯ ಡಬ್ಬಿ ಅಣ್ಣ. ಕೇಳಿದೆ. ತಾನೇ ಬಂದು ತೆಗೆದುಕೊಂಡು ಹೋಗುತ್ತಾಳಂತೆ, ಮಕ್ಕಳನ್ನೂ ಕರೆದುಕೊಂಡು. ಆ ಹುಡುಗನಿಗೆ ಏನು ಇಷ್ಟ ಅಂತ ಕೇಳಿ ಹೇಳಿ ಅಂದಳು.